ಅಕ್ಕಲಕೋಟೆಯ ಏಜೆಂಟನ ನೋಂದಣಿ ಭೀಮೆಯನ್ನು ದಾಟುವುದಿಲ್ಲ

"ನಿವೇಶನ ಮಾರಿಸುವ ದಲಾಲರಿಗೂ ಪರೀಕ್ಷೆಯೇ, ಅದೂ ನಿಮ್ಮ ಅಕ್ಕಲಕೋಟೆಯಲ್ಲಿ?" ಎಂದು ಬೆಂಗಳೂರಿನಿಂದ ನಗುತ್ತ ಕೇಳಿದ್ದೀರಿ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಈ ಗಡಿ ಊರಿನಲ್ಲಿ ನಾನೂ ಅಂಥ ಒಬ್ಬ ಏಜೆಂಟ. ಮಹಾರಾಷ್ಟ್ರದ ಕಟ್ಟಳೆಗಳು ಅಷ್ಟು ಕಾಡುವುದಾದರೆ ಕನ್ನಡಿಗರಾದ ನೀವು ಕರ್ನಾಟಕದಲ್ಲೇ ಒಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ನಂಬರು ಪಡೆದು ನಿಶ್ಚಿಂತೆಯಿಂದ ಇರಬಾರದೇಕೆ ಎಂಬ ಸಲಹೆಯನ್ನೂ ಕೊಟ್ಟಿದ್ದೀರಿ.

ಪರೀಕ್ಷೆ ಇದೆ. ಆ ಕಾಯ್ದೆಯಡಿಯ ಮಹಾರಾಷ್ಟ್ರದ ಪ್ರಾಧಿಕಾರವಾದ ಮಹಾರೇರಾ 2023ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ ಏಜೆಂಟರು 20 ಗಂಟೆಗಳ ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅರ್ಹತಾ ಪ್ರಮಾಣಪತ್ರ ಹೊಂದಿರಬೇಕು. 2024ರ ಜನವರಿ 1ರಿಂದ ಅದಿಲ್ಲದೆ ಹೊಸ ನೋಂದಣಿಯೂ ಇಲ್ಲ, ಹಳೆಯದರ ನವೀಕರಣವೂ ಇಲ್ಲ. ಪ್ರಮಾಣಪತ್ರ ಪಡೆಯದ ಸುಮಾರು 20 ಸಾವಿರ ಏಜೆಂಟರ ನೋಂದಣಿ ಅದೇ ವರ್ಷ ಅಮಾನತಾಯಿತು. ಕಾರ್ಪೆಟ್ ಏರಿಯಾ ಎಂದರೇನು, ಕರಾರುಪತ್ರ ನೋಂದಣಿಯಾಗುವ ಮುನ್ನ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಏಕೆ ಪಡೆಯಬಾರದು, ನೋಂದಣಿಯಾಗದ ಯೋಜನೆಯನ್ನು ತೋರಿಸಿದ ಏಜೆಂಟನಿಗೆ ದಂಡವೆಷ್ಟು ಎಂಬುದನ್ನೆಲ್ಲ ಕಲಿಸುತ್ತಾರೆ. ಕಲಿಯಬೇಕಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಹತ್ತು ಎಕರೆ ಹೊಲದ ವ್ಯವಹಾರ ಕುದುರಿಸುವವನಿಗೆ ರೇರಾ ಅನ್ವಯಿಸುವುದಿಲ್ಲ, ನೋಂದಾಯಿತ ಲೇಔಟಿನಲ್ಲಿ ಒಂದೇ ಒಂದು ನಿವೇಶನ ಮಾರಿಸುವ ನನಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಸ್ವಲ್ಪ ನಗು ಬರಿಸುವ ಸಂಗತಿ, ಅಷ್ಟೇ.

ನಮ್ಮನ್ನು ದಿನವೂ ಹಿಡಿದು ನಿಲ್ಲಿಸುವ ತೊಡಕು ಬೇರೆಯದು. 2016ರ ರೇರಾ ಕಾಯ್ದೆ ಕೇಂದ್ರದ್ದೇ ಆದರೂ, ಅದರ 9ನೇ ಕಲಮಿನ ಪ್ರಕಾರ ಏಜೆಂಟನ ನೋಂದಣಿ ಒಂದು ರಾಜ್ಯಕ್ಕೆ ಮಾತ್ರ ಸಲ್ಲುತ್ತದೆ. ಗ್ರಾಹಕ ಎಲ್ಲಿಯವನೆಂಬುದನ್ನು ಕಾಯ್ದೆ ಕೇಳುವುದಿಲ್ಲ, ಯೋಜನೆ ಯಾವ ನೆಲದಲ್ಲಿದೆ ಎಂಬುದನ್ನಷ್ಟೇ ಕೇಳುತ್ತದೆ. ಆದ್ದರಿಂದ ಕರ್ನಾಟಕದ ಇಂಡಿ ಪಟ್ಟಣದ ಶಿಕ್ಷಕರೊಬ್ಬರಿಗೆ ಸೊಲ್ಲಾಪುರದಲ್ಲಿ ಫ್ಲ್ಯಾಟ್ ಕೊಡಿಸಲು ನನಗೆ ಅಡ್ಡಿಯಿಲ್ಲ. ಅವರ ತಮ್ಮನಿಗೆ ವಿಜಯಪುರದ ಲೇಔಟಿನಲ್ಲಿ ನಿವೇಶನ ತೋರಿಸಿದರೆ ಮಾತ್ರ ನಾನು ನೋಂದಣಿಯಿಲ್ಲದ ಏಜೆಂಟ. ನೀವು ಹೇಳುವಂತೆ ಕರ್ನಾಟಕದಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು, ಆದರೆ ಅದರಿಂದ ಸೊಲ್ಲಾಪುರದ ಬಾಗಿಲು ತೆರೆಯುವುದಿಲ್ಲ. ಎರಡೂ ಕಡೆ ಕೆಲಸ ಮಾಡಬೇಕೆಂದರೆ ಎರಡು ನೋಂದಣಿ, ಎರಡು ಲೆಕ್ಕದ ಪುಸ್ತಕ, ವ್ಯಕ್ತಿಗತ ಏಜೆಂಟನಿಗೆ ಕರ್ನಾಟಕದಲ್ಲಿ 25,000 ಮತ್ತು ಇಲ್ಲಿ 10,000 ರೂಪಾಯಿ ಶುಲ್ಕ, ಐದು ವರ್ಷಕ್ಕೊಮ್ಮೆ ಮತ್ತೆ ಅದೇ ಸುತ್ತು.

ನಮ್ಮ ತಾಲ್ಲೂಕಿನ ಕುಟುಂಬಗಳನ್ನು ನೋಡಿದರೆ ಈ ಗೆರೆ ಎಷ್ಟು ವಿಚಿತ್ರವೆಂದು ತಿಳಿಯುತ್ತದೆ. ಅಣ್ಣ ಅಕ್ಕಲಕೋಟೆಯಲ್ಲಿ, ತಂಗಿಯನ್ನು ಕೊಟ್ಟದ್ದು ಅಫಜಲಪುರಕ್ಕೆ, ಮಗನ ನೌಕರಿ ವಿಜಯಪುರದಲ್ಲಿ, ಆಸ್ಪತ್ರೆಗೆ ಹೋಗುವುದು ಸೊಲ್ಲಾಪುರಕ್ಕೆ. ಇವರು ಆಸ್ತಿಯ ಮಾತು ಬಂದಾಗ ಹುಡುಕುವುದು ರಾಜ್ಯವನ್ನಲ್ಲ, ಪರಿಚಯದ ಮನುಷ್ಯನನ್ನು. ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ನನ್ನ 20 ಗಂಟೆಗಳ ಪಾಠದಲ್ಲಿ ಉತ್ತರವೇ ಇಲ್ಲ. ಇಲ್ಲಿ ಸಾತ್‌ಬಾರಾ ಉತಾರಾ ಎಂಬ ಜಮೀನಿನ ದಾಖಲೆ ನೋಡಿ ಅಭ್ಯಾಸವಾದವರ ಕೈಗೆ ಅಲ್ಲಿ ಪಹಣಿ ಬರುತ್ತದೆ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯ ನಿವೇಶನವಾದರೆ ಅಲ್ಲಿ ಇ-ಸ್ವತ್ತು ಎಂಬ ಪಂಚಾಯಿತಿ ಆಸ್ತಿ ದಾಖಲೆ ಬೇಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ರೈತನಲ್ಲದವನೂ ಹೊಲ ಕೊಳ್ಳಬಹುದು, ಮಹಾರಾಷ್ಟ್ರದಲ್ಲಿ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ನೋಂದಣಿ ಶುಲ್ಕವನ್ನೇ ನೋಡಿ: ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಅದು ಶೇಕಡಾ 1ರಿಂದ 2ಕ್ಕೆ ಏರಿತು, ಮಹಾರಾಷ್ಟ್ರದಲ್ಲಿ ಶೇಕಡಾ 1, ಅದೂ 30,000 ರೂಪಾಯಿಗೆ ಮಿತಿ. 50 ಲಕ್ಷದ ಮನೆಗೆ ಗಡಿಯ ಭೀಮಾ ನದಿಯ ಆ ದಂಡೆಯಲ್ಲಿ ಒಂದು ಲಕ್ಷ, ಈ ದಂಡೆಯಲ್ಲಿ ಮೂವತ್ತು ಸಾವಿರ. ಇದನ್ನು ಮುಂಚೆಯೇ ಹೇಳದ ಏಜೆಂಟನನ್ನು ಯಾವ ಪ್ರಮಾಣಪತ್ರವೂ ಕಾಪಾಡುವುದಿಲ್ಲ.

ಇದೆಲ್ಲವನ್ನೂ ನಾವು ಕಲಿತದ್ದು ತಲಾಠಿಯ (ಇಲ್ಲಿನ ಗ್ರಾಮ ಲೆಕ್ಕಿಗ) ಕಚೇರಿಯಲ್ಲಿ, ನಾಡಕಚೇರಿಯ ಸಾಲಿನಲ್ಲಿ, ದಸ್ತಾವೇಜು ಬರೆಯುವ ಹಿರಿಯರ ಪಕ್ಕದಲ್ಲಿ ಕುಳಿತು. ಈ ಕಲಿಕೆಯ ಗಂಟೆಗಳನ್ನು ಯಾವ ಪ್ರಾಧಿಕಾರವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಪರೀಕ್ಷೆ ಪಾಸಾದವನು ನಿಯಮ ಬದಲಾದಾಗ ಏನು ಮಾಡಬೇಕು ಎಂಬ ಬಗ್ಗೆ ಯಾರಾದರೂ ಯೋಚಿಸುವುದಾದರೆ, ಗಡಿ ತಾಲ್ಲೂಕುಗಳ ಏಜೆಂಟರಿಗೆ ಎರಡೂ ರಾಜ್ಯಗಳ ದಾಖಲೆಗಳನ್ನು ಕಲಿಸಲಿ, ಒಂದು ಕಡೆ ಪಡೆದ ತರಬೇತಿಯನ್ನು ಇನ್ನೊಂದು ಕಡೆಯೂ ಒಪ್ಪಿಕೊಳ್ಳಲಿ. ಕೇಂದ್ರದ ಕಾಯ್ದೆ ಎರಡೂ ಕಡೆ ಒಂದೇ ಅಲ್ಲವೇ?

ಇನ್ನು, "ಕನ್ನಡಿಗರಾದ ನೀವು" ಎಂದಿರಲ್ಲ, ಆ ಮಾತಿಗೂ ಉತ್ತರ ಕೊಡಬೇಕು. ಎರಡು ರಾಜ್ಯಗಳ ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ವರದಿ ಅಕ್ಕಲಕೋಟೆಯನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ, ನಾವು ಊರು ಬಿಡಲಿಲ್ಲ. ನಾನು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ವ್ಯವಹಾರ ನಡೆಸುವುದು ಮರಾಠಿಯಲ್ಲಿ, ಗಿರಾಕಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಮತ್ತೆ ಕನ್ನಡದಲ್ಲಿ. ವಿಜಯಪುರದಲ್ಲಿ ನನ್ನನ್ನು ಮಹಾರಾಷ್ಟ್ರದವನೆನ್ನುತ್ತಾರೆ, ಸೊಲ್ಲಾಪುರದಲ್ಲಿ ಕಾನಡಿ ಎನ್ನುತ್ತಾರೆ. ದಲಾಲಿಯಲ್ಲಿ ರಿಯಾಯಿತಿಯನ್ನು ಮಾತ್ರ ಇಬ್ಬರೂ ನಮ್ಮವನೆಂದು ಕರೆದೇ ಕೇಳುತ್ತಾರೆ.

ಮುಂದಿನ ನವೀಕರಣದ ಜೊತೆಗೆ ಕರ್ನಾಟಕದ ನೋಂದಣಿಗೂ ಅರ್ಜಿ ಹಾಕುವ ಯೋಚನೆಯಿದೆ. ಅಲ್ಲಿಯವರೆಗೆ ನಿಮ್ಮ ಭಾವನವರಿಗೆ ವಿಜಯಪುರದಲ್ಲಿ ನಿವೇಶನ ಬೇಕಾದರೆ ಅಲ್ಲಿಯೇ ನೋಂದಾಯಿತರಾದವರ ಹೆಸರನ್ನು ಕೊಡುತ್ತೇನೆ. ಪಹಣಿಯನ್ನು ಮಾತ್ರ ನನಗೂ ಒಮ್ಮೆ ತೋರಿಸಿ, ಅದನ್ನು ಓದಿ ಹೇಳುವುದಕ್ಕೆ ಯಾವ ನಂಬರೂ ಬೇಕಾಗಿಲ್ಲ.