ಮನೆಯ ಅಕ್ವೇರಿಯಂನಲ್ಲಿ ಹವಳ ಬೆಳೆಸಿದರೆ ಅಳಿವಿನಂಚಿನ ಹವಳಗಳು ಉಳಿಯುತ್ತವೆಯೇ?

ನೇರವಾಗಿ ಇಲ್ಲ. ತೊಟ್ಟಿಯಲ್ಲೇ ಬೆಳೆದ ಹವಳ ಮಾರಾಟಕ್ಕೆ ಸಿಕ್ಕರೆ ಸಮುದ್ರದಿಂದ ಕಿತ್ತು ತರುವುದು ಕಡಿಮೆಯಾಗುತ್ತದೆ, ಲಾಭ ಅಷ್ಟೇ.

ಹವಳವೆಂದರೆ ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಗುಂಪು. ದಾಸವಾಳದ ಕಡ್ಡಿ ನೆಟ್ಟ ಹಾಗೆ, ಒಂದು ತುಂಡು ಮುರಿದು ಕಲ್ಲಿಗೆ ಅಂಟಿಸಿದರೆ ಹೊಸ ಗುಂಪು ಬೆಳೆಯುತ್ತದೆ. ತೊಡಕಿರುವುದೂ ಅಲ್ಲೇ. ಆ ತುಂಡುಗಳು ಸಾವಿರ ಮನೆ ಸೇರಿದರೂ ವಂಶವಾಹಿಯ ಲೆಕ್ಕದಲ್ಲಿ ಒಂದೇ ಜೀವ; ಒಂದನ್ನು ಕೊಲ್ಲುವ ಬಿಸಿನೀರು ಅಥವಾ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಮೇಲಾಗಿ, ಬೇರೆ ಬೇರೆ ಸಾಗರಗಳ ಜೀವಿಗಳು ಬೆರೆತ ತೊಟ್ಟಿಯಿಂದ ಹವಳವನ್ನು ಸಮುದ್ರಕ್ಕೆ ಬಿಟ್ಟರೆ ಹೊಸ ರೋಗಾಣುಗಳೂ ಜೊತೆಗೆ ಹೋಗಬಹುದು.

ಫ್ಲಾರಿಡಾದಲ್ಲಿ 2014ರಲ್ಲಿ ಹವಳದ ಅಂಗಾಂಶ ನಾಶಮಾಡುವ ರೋಗ ಕಾಣಿಸಿಕೊಂಡು ಹರಡತೊಡಗಿತು. ಆಮೇಲೆ ರೋಗ ತಲುಪದ ಕಡೆಯಿಂದ ಹವಳಗಳನ್ನು ತೆಗೆದು ಅಮೆರಿಕದ ಮೃಗಾಲಯ, ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಕಾಪಿಟ್ಟರು. ಅಲ್ಲಿ ಪ್ರತಿ ಹವಳದ ಮೂಲಕ್ಕೆ ದಾಖಲೆಯಿದೆ, ಬೇರೆ ಬೇರೆ ಹವಳಗಳ ಅಂಡ-ವೀರ್ಯ ಕೂಡಿಸಿ ಹೊಸ ಪೀಳಿಗೆ ಪಡೆಯಬಹುದು. ಹವ್ಯಾಸಿಯ ತೊಟ್ಟಿಯಲ್ಲಿ ಇದು ಬಹಳ ಕಷ್ಟ.

ಭಾರತದಲ್ಲಿದ್ದರೆ ಒಂದು ಎಚ್ಚರಿಕೆ: ದಿಬ್ಬ ಕಟ್ಟುವ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಿರುವ 1ನೇ ಅನುಸೂಚಿಯಲ್ಲೇ ಇವೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದ ಒಂದು ತುಂಡು ಮುರಿದು ತಂದರೂ ಅಪರಾಧ.