ಜರ್ಮನಿಯ ಆಫೀಸಿನಲ್ಲಿ ಯಾರೂ ಮಾತಾಡಿಸೋದಿಲ್ಲ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಊರಿನ ಸುತ್ತ ಇವೆ, ಜರ್ಮನಿಯ ಸ್ಟುಟ್‌ಗಾರ್ಟ್. ಬಾಶ್, ಮರ್ಸಿಡಿಸ್ ಕಂಪನಿಗಳ ಊರು ಅದು. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಇಂಜಿನಿಯರುಗಳು ಸಾಕಷ್ಟು ಜನ ಇದ್ದಾರೆ. ನಾನೂ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವಳು, ಹಾಗಾಗಿ ನಾಲ್ಕನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯವನು. ಇಲ್ಲಿಗೆ ಬಂದು ಐದು ತಿಂಗಳಾಯಿತು. ಟೀಮಿನಲ್ಲಿ ಕೆಲಸ ಬಿಟ್ಟು ಬೇರೆ ಮಾತೇ ಇಲ್ಲ. ಹೋದ ತಿಂಗಳು ನನ್ನ ಹುಟ್ಟುಹಬ್ಬ ಇತ್ತು. ಎಲ್ಲರಿಗೂ ಗೊತ್ತಿತ್ತು, ಆದರೂ ಒಂದು ಕೇಕ್ ಕೂಡ ಇಲ್ಲ. ಮಾರನೇ ವಾರ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರ ಮುಂದೆ 'ಈ ಡಿಸೈನ್ ಸರಿಯಿಲ್ಲ' ಅಂದುಬಿಟ್ಟರು. ಪ್ರೊಬೇಷನ್ ಮುಗಿಯುವ ಮೊದಲೇ ನನ್ನನ್ನು ಕಳಿಸಿಬಿಡ್ತಾರಾ?

ಉತ್ತರ: ಮೊದಲು ಕೇಕಿನ ವಿಷಯ. ಅಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಕೇಕ್ ತರಬೇಕು. ಬೆಳಿಗ್ಗೆ ತಂದು ಆಫೀಸಿನ ಅಡುಗೆಮನೆಯಲ್ಲಿ ಇಟ್ಟು, 'ಕೇಕ್ ಇಟ್ಟಿದ್ದೇನೆ, ಬನ್ನಿ' ಅಂತ ಎಲ್ಲರಿಗೂ ಒಂದು ಮೇಲ್ ಹಾಕಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಯಾಕೆಂದರೆ ಇದು ಎಲ್ಲರಿಗೂ ಗೊತ್ತಿರುತ್ತದೆ ಅಂತಲೇ ಅವರು ಅಂದುಕೊಂಡಿರುತ್ತಾರೆ. ನಿಮ್ಮನ್ನು ಯಾರೂ ಮರೆತಿಲ್ಲ. ದಿನ ಕಳೆದುಹೋಯಿತು ಅಂತ ಬಿಡಬೇಡಿ, ತಡವಾಗಿ ತಂದರೂ ಅಲ್ಲಿ ನಡೆಯುತ್ತದೆ. ಹುಟ್ಟುಹಬ್ಬಕ್ಕೆ ಮೊದಲೇ ಶುಭಾಶಯ ಹೇಳುವುದು ಮಾತ್ರ ಅವರಿಗೆ ಅಪಶಕುನ. ನಾನು ಒಂದು ವರ್ಷ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿದ್ದೆ. ಎರಡು ವರ್ಷ ಎದುರಿಗೇ ಕೂತು 'ಮೊರ್ಗೆನ್' (ಗುಡ್ ಮಾರ್ನಿಂಗ್) ಬಿಟ್ಟು ಬೇರೇನೂ ಹೇಳದಿದ್ದ ಸಹೋದ್ಯೋಗಿ ಅವತ್ತು ಕೈಯಲ್ಲಿ ಒಂದು ತುಂಡು ಹಿಡಿದು ಬಂದು, ಪಾಕ ಯಾವ ಹದಕ್ಕೆ ಬರಬೇಕು, ತೆಂಗಿನಕಾಯಿ ಹೇಗೆ ತುರಿಯಬೇಕು ಅಂತ ಇಪ್ಪತ್ತು ನಿಮಿಷ ನಿಂತು ಕೇಳಿದರು. ಆಮೇಲೆ ನಾವಿಬ್ಬರೂ ದಿನಾ ಒಟ್ಟಿಗೇ ಊಟಕ್ಕೆ ಹೋಗುತ್ತಿದ್ದೆವು.

ಇನ್ನು ಮ್ಯಾನೇಜರ್ ಮಾತು. ಅವರು ಡಿಸೈನ್ ಸರಿಯಿಲ್ಲ ಅಂದರೆ ಡಿಸೈನ್ ಸರಿಯಿಲ್ಲ ಅಂತ ಅಷ್ಟೇ ಅರ್ಥ, ನೀವು ಸರಿಯಿಲ್ಲ ಅಂತಲ್ಲ. ಸ್ಟುಟ್‌ಗಾರ್ಟ್ ಇರುವುದು ಶ್ವಾಬಿಯ ಸೀಮೆಯಲ್ಲಿ, ಅಲ್ಲಿಯವರ ಒಂದು ಗಾದೆ ಇದೆ: 'ನೆಟ್ ಗ್ಶಿಂಪ್ಟ್ ಇಷ್ ಗ್ನುಗ್ ಗ್ಲೋಬ್ಟ್'. ಬೈಯಲಿಲ್ಲ ಅಂದರೆ ಅದೇ ಸಾಕಷ್ಟು ಹೊಗಳಿಕೆ! ಅಂಥ ಜನರ ಬಾಯಿಂದ 'ಭೇಷ್' ಬರಲಿ ಅಂತ ಕಾಯುತ್ತಾ ಕೂತರೆ ಸುಮ್ನೆ ಮನಸ್ಸಿಗೆ ನೋವು.

ಪ್ರೊಬೇಷನ್ ಬಗ್ಗೆ ಹೆದರಿಕೆ ಇರುವುದು ಸಹಜ. ಅಲ್ಲಿ ಅದು ಹೆಚ್ಚೆಂದರೆ ಆರು ತಿಂಗಳು, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಬಿಡಿಸಬಹುದು. ಒಳಗೊಳಗೇ ಕೊರಗುವ ಬದಲು ಈ ವಾರವೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಸಮಯ ಕೇಳಿ. 'ನನ್ನ ಕೆಲಸ ಹೇಗಿದೆ, ಆರು ತಿಂಗಳು ಮುಗಿಯುವುದರೊಳಗೆ ಏನು ಬದಲಾಗಬೇಕು' ಅಂತ ನೇರವಾಗಿ ಕೇಳಿ. ಅಲ್ಲಿ ಅದು ಉದ್ಧಟತನ ಅಲ್ಲ. ಕೇಳಿದರೆ ನಿಜವನ್ನೇ ಹೇಳುತ್ತಾರೆ, ಕೇಳದಿದ್ದರೆ ಎಲ್ಲ ಸರಿಯಾಗಿದೆ ಅಂದುಕೊಂಡು ಸುಮ್ಮನಿರುತ್ತಾರೆ.

ಇನ್ನೊಂದು ಮಾತು, ಇದು ನನಗೆ ತುಂಬಾ ತಡವಾಗಿ ತಿಳಿದದ್ದು. 'ನೋಡೋಣ, ಟ್ರೈ ಮಾಡ್ತೀನಿ' ಅಂದರೆ ನಮ್ಮಲ್ಲಿ ಅರ್ಧ 'ಇಲ್ಲ' ಅಂತಲೇ ಅರ್ಥ, ಕೇಳಿದವರಿಗೂ ಅದು ಗೊತ್ತಾಗುತ್ತದೆ. ಅಲ್ಲಿ ಅದನ್ನು ಪೂರ್ತಿ 'ಹೌದು' ಅಂತ ಬರೆದುಕೊಳ್ಳುತ್ತಾರೆ. ಶುಕ್ರವಾರ ಆಗಲ್ಲ ಅಂತ ಗೊತ್ತಿದ್ದರೆ ಸೋಮವಾರವೇ 'ಆಗಲ್ಲ, ಮುಂದಿನ ಬುಧವಾರ ಕೊಡ್ತೀನಿ' ಅಂತ ಹೇಳಿಬಿಡಿ. ಯಾರೂ ಮುಖ ಸಿಂಡರಿಸುವುದಿಲ್ಲ.

ಪ್ರಶ್ನೆ: ಮನೆ ಬಾಗಿಲಿಗೆ ಯಾರೋ ಒಂದು ಬೋರ್ಡ್ ನೇತುಹಾಕಿ ಹೋಗಿದ್ದಾರೆ. 'ಕೆರ್‌ವೋಖೆ' ಅಂತ ಬರೆದಿದೆ. ಏನಿದು?

ಉತ್ತರ: ಮೆಟ್ಟಿಲು ಗುಡಿಸಿ ಒರೆಸುವ ಪಾಳಿ. ಶ್ವಾಬಿಯದ ಹಳೇ ಪದ್ಧತಿ ಇದು. ಬೋರ್ಡ್ ಯಾರ ಬಾಗಿಲಲ್ಲಿ ಇದೆಯೋ ಆ ವಾರ ಅವರ ಸರದಿ. ಕೆಲಸ ಮುಗಿಸಿ ಬೋರ್ಡನ್ನು ಪಕ್ಕದ ಮನೆ ಬಾಗಿಲಿಗೆ ಹಾಕಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಅನ್ನುತ್ತಾರಲ್ಲ, ಹಾಗೆ ಪಕ್ಕದ ಮನೆಯವರ ಪರಿಚಯ ಆಗುವುದೇ ಈ ಮೆಟ್ಟಿಲ ಮೇಲೆ. ಶನಿವಾರ ಮಾಡಿಬಿಡಿ, ಭಾನುವಾರ ಅಲ್ಲಿ ಸದ್ದು ಮಾಡುವ ಕೆಲಸ ಯಾರಿಗೂ ಇಷ್ಟವಾಗುವುದಿಲ್ಲ. ರಾತ್ರಿ ಹತ್ತರ ಮೇಲಂತೂ ಮಿಕ್ಸಿ, ವಾಷಿಂಗ್ ಮಷೀನ್ ಬೇಡವೇ ಬೇಡ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಗಂಡನಿಗೆ ಬ್ಲೂ ಕಾರ್ಡ್ (ಓದಿದವರಿಗೆ ಇಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಸಿಕ್ಕಿತು ಅಂತ ಕೆಲಸ ಬಿಟ್ಟು ಬಂದೆ. ಅವರು ಆಫೀಸಿಗೆ ಹೋದರೆ ಸಂಜೆಯವರೆಗೂ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಈ ವಯಸ್ಸಿನಲ್ಲಿ ಜರ್ಮನ್ ಕಲಿಯುವುದು ಆಗುತ್ತಾ?

ಉತ್ತರ: ಪತ್ರ ಓದಿ ನನಗೆ ಸಂಕಟವಾಯಿತು. ಸಂಬಳ, ಕಂಪನಿ, ವೀಸಾ ಅಂತ ಎಲ್ಲರೂ ಕೆಲಸಕ್ಕೆ ಹೋಗುವವರ ಬಗ್ಗೆಯೇ ಮಾತಾಡುತ್ತಾರೆ. ಜೊತೆಗೆ ಬಂದವರು ಬಿಟ್ಟು ಬಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಗಂಡನಿಗೂ ಈ ಪತ್ರ ತೋರಿಸಿ, ದಯವಿಟ್ಟು.

ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸ ಮಾಡಲು ಪೂರ್ತಿ ಅನುಮತಿ ಇದೆ, ಬೇರೆ ಪರ್ಮಿಟ್ ಬೇಕಿಲ್ಲ. ಸರ್ಕಾರಿ ಶಾಲೆಯಲ್ಲಿ ಕಲಿಸಬೇಕು ಅಂದರೆ ಪದವಿಗೆ ಅಲ್ಲಿನ ಮಾನ್ಯತೆ ಬೇಕು, ಭಾಷೆಯೂ ತುಂಬಾ ಚೆನ್ನಾಗಿ ಬರಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದರೆ ಕೆಮಿಸ್ಟ್ರಿ ಓದಿದವರಿಗೆ ಲ್ಯಾಬ್ ಕೆಲಸದ ದಾರಿಯೂ ಇದೆ. ಎರಡಕ್ಕೂ ಮೊದಲ ಮೆಟ್ಟಿಲು ಭಾಷೆಯೇ. ಪ್ರತಿ ಊರಿನಲ್ಲೂ 'ಫೋಕ್ಸ್‌ಹೋಖ್‌ಶೂಲೆ' ಅಂತ ದೊಡ್ಡವರಿಗೆ ಕಲಿಸುವ ಶಾಲೆ ಇರುತ್ತದೆ. ಫೋನಿನ ಆಪ್ ನೋಡಿಕೊಂಡು ಮನೆಯಲ್ಲೇ ಕಲಿಯಬೇಡಿ, ಅಲ್ಲಿಗೆ ಹೋಗಿ ಬೆಳಗಿನ ಕ್ಲಾಸ್ ಸೇರಿ. ಸಿರಿಯಾ, ಉಕ್ರೇನ್, ಬ್ರೆಜಿಲ್ ಅಂತ ಎಲ್ಲೆಲ್ಲಿಂದಲೋ ಬಂದವರು, ನಿಮ್ಮ ಹಾಗೇ ತಪ್ಪು ತಪ್ಪಾಗಿ ಮಾತಾಡುವವರು ಪಕ್ಕದಲ್ಲಿ ಕೂತಿರುತ್ತಾರೆ. ನನಗೆ ಸ್ನೇಹಿತರು ಸಿಕ್ಕಿದ್ದು ಆಫೀಸಿಗಿಂತ ಜಾಸ್ತಿ ಅಲ್ಲೇ.

ವಯಸ್ಸಿನ ಮಾತು ಎತ್ತಿದ್ದೀರಿ, ಅದಕ್ಕಿಂತ ಭಾಷೆಯ ಮೇಲಿನ ಪ್ರೀತಿ ಮುಖ್ಯ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ ಟ್ಯೂಬಿಂಗೆನ್ ಇದೆ. 1853ರಲ್ಲಿ ನಮ್ಮ ನಾಡಿಗೆ ಬಂದು ಕನ್ನಡ ಕಲಿತು, 1894ರಲ್ಲಿ ಆ ದೊಡ್ಡ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಆ ಊರಿನಲ್ಲಿ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಮ್ಮ ಒತ್ತಕ್ಷರ, ಳಕಾರಗಳನ್ನು ಒಬ್ಬ ಜರ್ಮನ್ ಮನುಷ್ಯ ಅಷ್ಟು ಪ್ರೀತಿಯಿಂದ ಕಲಿತ ಅಂತ ನೆನೆಸಿಕೊಂಡಾಗಲೆಲ್ಲ ನನಗೆ ಜರ್ಮನ್ ನಾಮಪದಗಳ ಹಿಂದೆ ಲಿಂಗಕ್ಕೆ ತಕ್ಕಂತೆ ಬರುವ 'ಡೆರ್, ಡೀ, ಡಾಸ್' ಅಷ್ಟು ಕಷ್ಟ ಅನ್ನಿಸುತ್ತಿರಲಿಲ್ಲ. ಒಂದು ಭಾನುವಾರ ಇಬ್ಬರೂ ಹೋಗಿ ಬನ್ನಿ. ನದಿ ದಡದಲ್ಲಿರುವ ಚೆಂದದ ಊರು.

ಪ್ರಶ್ನೆ: ನಾವು ಶಿವಮೊಗ್ಗದವರು. ಮಗ ಜೂನ್‌ನಲ್ಲಿ ಸ್ಟುಟ್‌ಗಾರ್ಟಿಗೆ ಹೋದ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಮೊದಲು ಅರ್ಧ ಗಂಟೆ ಮಾತಾಡುತ್ತಿದ್ದ. ನವೆಂಬರ್‌ನಿಂದ ಎರಡೇ ನಿಮಿಷ, 'ಆಮೇಲೆ ಮಾಡ್ತೀನಮ್ಮ' ಅಂತ ಇಟ್ಟುಬಿಡುತ್ತಾನೆ. ಧ್ವನಿಯೂ ಡಲ್ ಆಗಿದೆ. ಹೋದ ವಾರ ಜ್ವರ ಬೇರೆ. ರಜೆ ಹಾಕಿದರೆ ಸಂಬಳ ಕಟ್ ಆಗುತ್ತೆ ಅಂತ ಕೆಲಸಕ್ಕೆ ಹೋಗುತ್ತಿದ್ದಾನೇನೋ. ಏನನ್ನಾದರೂ ಮುಚ್ಚಿಡುತ್ತಿದ್ದಾನಾ?

ಉತ್ತರ: ಅಮ್ಮ, ಜ್ವರದ ಚಿಂತೆ ಮೊದಲು ಬಿಡಿ. ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ, ಹುಷಾರಿಲ್ಲದೆ ಮಲಗಿದರೆ ಆರು ವಾರದವರೆಗೂ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು, ಕಾನೂನು ಇದೆ. ಜ್ವರ ಇಟ್ಟುಕೊಂಡು ಆಫೀಸಿಗೆ ಬಂದರೆ ಅಲ್ಲಿ ಯಾರೂ ಮೆಚ್ಚುವುದಿಲ್ಲ, 'ಮನೆಗೆ ಹೋಗು' ಅಂತಲೇ ಹೇಳುತ್ತಾರೆ.

ಡಲ್ ಆಗಿರುವುದು ನಿಜವೇ ಇರಬಹುದು. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಾಗುವುದು ಎಂಟರ ಮೇಲೆ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುವುದು. ಮೊದಲ ಚಳಿಗಾಲದಲ್ಲಿ ನನಗೂ ಬೆಳಿಗ್ಗೆ ಎದ್ದೇಳಲು ಕಾಲು ಬರುತ್ತಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಹೊರಗೆ ನಡೆದು ಬಾ ಅಂತ ಹೇಳಿ, ಮೋಡ ಇದ್ದರೂ ಸರಿ. ಫೆಬ್ರವರಿ ಬಂದರೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗಲಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಫೋನ್ ಬೇಗ ಇಡುವುದಕ್ಕೆ ಕಾರಣ ಗಡಿಯಾರ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್ ಕೊನೆಗೆ ಮತ್ತೆ ಮುಂದಕ್ಕೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಈಗ ನಾಲ್ಕೂವರೆ. ನೀವು ರಾತ್ರಿ ಒಂಬತ್ತಕ್ಕೆ ಮಾಡಿದಾಗ ಮೊದಲು ಅಲ್ಲಿ ಐದೂವರೆ, ಅವನು ಕೆಲಸ ಮುಗಿಸಿ ಟ್ರಾಮಿನಲ್ಲಿ ಕೂತಿರುತ್ತಿದ್ದ. ಈಗ ಅದೇ ಒಂಬತ್ತಕ್ಕೆ ಅಲ್ಲಿ ನಾಲ್ಕೂವರೆ, ಇನ್ನೂ ಆಫೀಸಿನ ಮೇಜಿನ ಮುಂದೆ ಇರುತ್ತಾನೆ, ಅಕ್ಕಪಕ್ಕ ಜನ. ಇವತ್ತು ಹತ್ತು ಗಂಟೆಯವರೆಗೆ ಎಚ್ಚರ ಇದ್ದು ಮಾಡಿ ನೋಡಿ.