ಸ್ಲೈಡ್ ಮೇಲೆ 1971, ಎಂಜಿನ್ ಮೇಲೆ 55 009: ಯಾವುದು ಸರಿ?

ನಿಮ್ಮ ಚಿಕ್ಕಪ್ಪ ಇಂಗ್ಲೆಂಡಿನ ಯಾರ್ಕ್ ನಿಲ್ದಾಣದಲ್ಲಿ ತೆಗೆದ ಹಳೆಯ ಫಿಲ್ಮ್ ಸ್ಲೈಡಿನ ಚೌಕಟ್ಟಿನ ಮೇಲೆ 1971 ಎಂದಿದೆ, ಚಿತ್ರದ ರೈಲು ಎಂಜಿನ್ನಿನ ಮೇಲೆ 55 009 ಎಂದಿದೆ, ಎರಡೂ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ತಪ್ಪಿರುವುದು ಬಹುಶಃ ಚೌಕಟ್ಟಿನ ಮೇಲೆ ಪೆನ್ನಿನಲ್ಲಿ ಬರೆದ ಇಸವಿ. ಅದನ್ನು ಎಷ್ಟೋ ವರ್ಷಗಳ ನಂತರ ನೆನಪಿನಿಂದ ಬರೆದಿರಬಹುದು. ಎಂಜಿನ್ನಿನ ಸಂಖ್ಯೆಯನ್ನೇ ನಂಬಿ. ಅವರು ಸೆರೆಹಿಡಿದ ಆ ಡೆಲ್ಟಿಕ್ (ಬ್ರಿಟನ್ನಿನ ಒಂದು ಬಗೆಯ ಡೀಸೆಲ್ ಎಂಜಿನ್) ಮೇಲೆ 1971ರಲ್ಲಿ ಇದ್ದ ಸಂಖ್ಯೆ ಡಿ9009 ಅಥವಾ ಬರೀ 9009. ಬ್ರಿಟಿಷ್ ರೈಲ್ ತನ್ನ ಡೀಸೆಲ್ ಎಂಜಿನ್‌ಗಳಿಗೆ ಕಂಪ್ಯೂಟರ್ ವ್ಯವಸ್ಥೆಗೆಂದು 55 009ರಂಥ ಐದಂಕಿಯ ಹೊಸ ಸಂಖ್ಯೆ ಬರೆಸಿದ್ದು 1973-74ರ ಸುಮಾರಿಗೆ.

ಈಗ ಸ್ಲೈಡನ್ನು ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಎಂಜಿನ್ನಿನ ಮೂತಿಯ ಮೇಲಿನ ನಾಲ್ಕಕ್ಷರದ ಚೌಕವನ್ನು ಹಿಗ್ಗಿಸಿ ನೋಡಿ. ಅಲ್ಲಿ ರೈಲಿನ ಸಂಕೇತ, ಅಂದರೆ ಅಂಕಿ-ಅಕ್ಷರ ಬೆರೆತದ್ದು, ಇದ್ದರೆ 1976ಕ್ಕಿಂತ ಹಿಂದಿನದು. 0000 ಇದ್ದರೆ 1976 ಅಥವಾ ಆಮೇಲಿನದು, ಏಕೆಂದರೆ ಆ ವರ್ಷ ಸಂಕೇತ ತೋರಿಸುವುದನ್ನೇ ನಿಲ್ಲಿಸಿದರು. ಕಪ್ಪು ಹಲಗೆಯಲ್ಲಿ ಎರಡು ಬಿಳಿ ಚುಕ್ಕಿಗಳಿದ್ದರೆ ಇನ್ನೂ ಈಚಿನದು; ಆದರೆ ಈ ಬದಲಾವಣೆ ಒಂದೊಂದೇ ಎಂಜಿನ್ನಿಗೆ ಆದದ್ದರಿಂದ ಚುಕ್ಕಿಯೊಂದರಿಂದಲೇ ಇಸವಿ ಗಟ್ಟಿಯಾಗದು.

ಆಗ ಚಾಲಕನ ಕಿಟಕಿ ನೋಡಿ. ಈ ಎಂಜಿನ್ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಡಿಪೋದ್ದಾಗಿತ್ತು. ಅಲ್ಲಿಯವರು 1979ರಲ್ಲಿ ತಮ್ಮ ಡೆಲ್ಟಿಕ್‌ಗಳ ಕಿಟಕಿಯ ಸುತ್ತ ಬಿಳಿ ಬಣ್ಣ ಬಳಿದರು, ನೋಡಲು ಬಲು ಚೆಂದ. ಬಿಳಿ ಅಂಚಿದ್ದರೆ ಹುಡುಕಾಟ ಬಹುಮಟ್ಟಿಗೆ ಮುಗಿದಂತೆ. ಏಕೆಂದರೆ 1982ರ ಜನವರಿ ಆರಂಭಕ್ಕೆ ಡೆಲ್ಟಿಕ್‌ಗಳ ಸೇವೆಯೇ ಕೊನೆಗೊಂಡಿತು.

ಕೊನೆಗೆ ರಟ್ಟಿನ ಚೌಕಟ್ಟನ್ನು ಓರೆ ಬೆಳಕಿನಲ್ಲಿ ಹಿಡಿಯಿರಿ. ಅದು ಕೊಡಾಕ್ ಕಂಪನಿಯ ಕೊಡಾಕ್ರೋಮ್ ಬಣ್ಣದ ಫಿಲ್ಮ್ ಆಗಿದ್ದರೆ ಫಿಲ್ಮ್ ತೊಳೆದ ತಿಂಗಳು, ವರ್ಷದ ಅಚ್ಚು ಸಿಗಬಹುದು. ಚಿತ್ರ ಅದಕ್ಕೂ ಮೊದಲಿನದು. ಎಷ್ಟು ಮೊದಲು ಎಂಬುದು ರೋಲ್ ಯಾವಾಗ ಮುಗಿಯಿತು ಎಂಬುದರ ಮೇಲೆ.